ಗಣಿಯಿಂದ ಮೇಲೆ ಬರುವ ದಾರಿ

ನನ್ನ ಸಂಶೋಧನೆ ಒಂದು ಸಣ್ಣ ಕಲ್ಲಿದ್ದಲು ಗಣಿಯ ಊರು ಹುಟ್ಟಿದ ಬಗೆಯ ಮೇಲೆ. ನಾನು ಓದುತ್ತಿರುವ ಹಿರೋಷಿಮಾದಿಂದ ಅಲ್ಲಿಗೆ ರೈಲಿನಲ್ಲಿ ಅರ್ಧ ದಿನದ ದಾರಿ. ಕೊರೊನಾ ಬಂದದ್ದೇ ತಡ, ವಿಶ್ವವಿದ್ಯಾಲಯ ಓಡಾಟವನ್ನೆಲ್ಲ ನಿಲ್ಲಿಸಿತು. ಊರಿನ ಮೊದಲ ದಿನಗಳ ಕಥೆಯನ್ನು ತಾಯಿಯ ಬಾಯಿಂದ ಕೇಳಿ ಬೆಳೆದ ಅಜ್ಜಿಯೊಬ್ಬಳು ಅಲ್ಲಿದ್ದಳು. ಅವಳೊಂದಿಗೆ ಫೋನಿನಲ್ಲೇ ಮಾತು. ಮೊದಲ ಸುರಂಗ ತೋಡಿದವರು ಯಾರು ಎಂದರೆ ಮೂಲಂಗಿ ಉಪ್ಪಿನಕಾಯಿ ಹಾಕುವ ಕ್ರಮ ಹೇಳುವಳು. ನನಗೋ ಮೂಗಿನ ತುದಿಯಲ್ಲಿ ಕೋಪ. "ಸುಮಿಮಾಸೆನ್", ಕ್ಷಮಿಸಿ, ಎಂದು ನಡುವೆ ಬಾಯಿ ಹಾಕಿದರೂ ಅಜ್ಜಿ ಜಗ್ಗುತ್ತಿರಲಿಲ್ಲ.

ಕಾದು ಕಾದು ಸಿಕ್ಕಿದ್ದು ಇಷ್ಟು. ಮೊದಲು ಅಲ್ಲಿದ್ದದ್ದು ಬಿದಿರಿನ ಗುಡ್ಡ, ನಾಲ್ಕು ಗದ್ದೆ. ಸುತ್ತಲಿನ ದ್ವೀಪಗಳಿಂದ ಗಂಡ ಹೆಂಡಿರು ಜೋಡಿಯಾಗಿ ಬಂದರು. ಗಂಡ ಕಲ್ಲಿದ್ದಲು ಕಡಿದರೆ ಹೆಂಡತಿ ಬುಟ್ಟಿಗೆ ತುಂಬಿ ಎಳೆದು ತರುವಳು. ಊರಿಗೆ ಶಾಲೆಗಿಂತ ಮೊದಲು ಸ್ಮಶಾನ ಬಂತು. ಗಣಿಯೊಳಗೆ ಯಾರಾದರೂ ಸತ್ತರೆ, ಹೆಣ ಹೊತ್ತವರು ದಾರಿಯುದ್ದಕ್ಕೂ ಅವನಿಗೆ ಕೂಗಿ ಹೇಳಬೇಕು: ಇದು ತಿರುವು, ಇದು ನೀರೆತ್ತುವ ಪಂಪಿನ ಜಾಗ, ಈಗ ಏರು, ಮೇಲೆ ಹೋಗುತ್ತಿದ್ದೇವೆ. ಹೇಳದಿದ್ದರೆ ಜೀವ ದಾರಿ ತಿಳಿಯದೆ ಒಳಗೇ ಉಳಿದುಬಿಡುತ್ತದೆ. ಅಜ್ಜಿಯ ತಾಯಿ ತನ್ನ ಗಂಡನ ಹೆಣದ ಪಕ್ಕದಲ್ಲಿ ಹಾಗೆ ಕೂಗುತ್ತಾ ಬಂದಿದ್ದಳಂತೆ. ಒಳ್ಳೆಯ ಅಧ್ಯಾಯವಾಗುತ್ತದೆ ಎಂದು ನನಗೆ ಖುಷಿಯಾಯಿತು.

ಎರಡನೇ ಅಲೆಯಲ್ಲಿ ಮೈಸೂರಿನಲ್ಲಿ ನನ್ನ ತಂಗಿ ತೀರಿಕೊಂಡಳು. ನನಗೆ ಹೋಗಲಾಗಲಿಲ್ಲ. ಅಳುವೂ ಬರಲಿಲ್ಲ, ಎಲ್ಲರ ಮೇಲೂ ಸಿಟ್ಟು ಮಾತ್ರ ಬರುತ್ತಿತ್ತು.

ಮುಂದಿನ ವಾರ ಅಜ್ಜಿ ತಾನಾಗಿ ಫೋನ್ ಮಾಡಿದಾಗ ವಿಷಯ ಹೇಳಿದೆ.

"ದಾರಿಯಲ್ಲಿ ಅವಳಿಗೆ ಹೇಳಿದವರು ಯಾರು?" ಎಂದು ಕೇಳಿದಳು.

ಯಾರೂ ಇಲ್ಲ ಎಂದೆ.

"ಹಾಗಾದರೆ ನೀನು ಹೇಳು. ತಡವಾದರೂ ಪರವಾಗಿಲ್ಲ. ನಾನು ಜೊತೆಗಿರುತ್ತೇನೆ."

ಇಂಥದರಲ್ಲಿ ನನಗೆ ನಂಬಿಕೆಯಿಲ್ಲ. ಆದರೂ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಫೋನ್ ಮಾಡುತ್ತೇನೆಂದು ಅಜ್ಜಿಗೆ ಹೇಳಿ, ತಂಗಿಯ ಗಂಡನಿಗೆ ಫೋನ್ ಮಾಡಿ ಅವಳನ್ನು ಯಾವ ರಸ್ತೆಯಲ್ಲಿ ಒಯ್ದರು ಎಂದು ಕೇಳಿದೆ.

"ಗೊತ್ತಿಲ್ಲ ಅಕ್ಕ. ಆಂಬುಲೆನ್ಸ್ ಹಿಂದೆ ಹೋಗೋಕೂ ಬಿಡ್ಲಿಲ್ಲ. ರಿಂಗ್ ರೋಡ್ ಆಚೆ ಯಾವ್ದೋ ಹೊಸ ಗ್ರೌಂಡಲ್ಲಿ ಸುಟ್ರಂತೆ. ಈಗ್ಯಾಕೆ ಕೇಳ್ತಿದೀರ?"

ಏನೆಂದು ಹೇಳಲಿ. ಅಜ್ಜಿಗೆ ಮತ್ತೆ ಫೋನ್ ಹಚ್ಚಿ, ಅಡುಗೆಮನೆಯಲ್ಲಿ ನಿಂತು ಕನ್ನಡದಲ್ಲೇ ಶುರು ಮಾಡಿದೆ. ಇದು ಆಸ್ಪತ್ರೆ ಗೇಟು ಪುಟ್ಟಿ. ಇದು ನೀನು ಸೈಕಲ್ಲಿನಿಂದ ಬಿದ್ದ ಸರ್ಕಲ್ಲು. ಇದು ನಿನ್ನ ಕಾಲೇಜು. ಇದು ರಿಂಗ್ ರೋಡು. ಅಲ್ಲಿಂದಾಚೆಗೆ ನನಗೂ ಗೊತ್ತಿರಲಿಲ್ಲ. ಅಜ್ಜಿ ಫೋನಿನಲ್ಲಿ ಕಾಯುತ್ತಿದ್ದಳು. ತಂಗಿಯನ್ನು ರಸ್ತೆಯ ಮಧ್ಯೆ ನಿಲ್ಲಿಸಿಕೊಂಡು ನಾನು ಅಳತೊಡಗಿದೆ.