ಪಾಸಿಂಗ್ ಪ್ಯಾಕೇಜಿನಲ್ಲಿ ಕೂತ ಹುಡುಗಿ

ನಾನು ಗುಬ್ಬಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಹತ್ತನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಸ್ಟಾಫ್‌ರೂಮಿನಲ್ಲಿ ಒಂದೇ ಜಪ, ಪಾಸಿಂಗ್ ಪ್ಯಾಕೇಜ್. ಕ್ಲಾಸ್ ಟೆಸ್ಟುಗಳಲ್ಲಿ ಕಡಿಮೆ ಅಂಕ ಬಂದವರನ್ನು ಬೇರೆ ಕೂರಿಸಿ, ವೃತ್ತಕ್ಕೆ ಸ್ಪರ್ಶಕ ಎಳೆಯುವುದು, ಗ್ರಾಫ್, ಒಂದೆರಡು ಪ್ರಮೇಯ, ಇಷ್ಟನ್ನೇ ಉರು ಹೊಡೆಸುವುದು. ಉಳಿದ ಪುಸ್ತಕ ತೆರೆಯದಿದ್ದರೂ ಮಕ್ಕಳು ದಡ ಸೇರುತ್ತಾರೆ. ಈ ಕೆಲಸದಲ್ಲಿ ನನ್ನದು ಪಳಗಿದ ಕೈ, ಅದಕ್ಕಾಗಿ ಜಂಬವನ್ನೂ ಪಟ್ಟಿದ್ದೇನೆ.

ಕೆಲವು ವರ್ಷಗಳ ಹಿಂದೆ ಸಮಾಂತರ ಶ್ರೇಢಿಯ ಟೆಸ್ಟಿಗೆ ನಾನೇ ಒಂದು ಲೆಕ್ಕ ಕಟ್ಟಿದೆ. ತುಮಕೂರು ಪೇಟೆಯಲ್ಲಿ ಬೆಳೆದವಳು ನಾನು, ಹಳ್ಳಿ ಮಕ್ಕಳಿಗೆ ಹತ್ತಿರವಾಗಲಿ ಅಂತ ತೆಂಗಿನಕಾಯಿ ತಂದೆ. ಒಬ್ಬ ರೈತ ವ್ಯಾಪಾರಿಗೆ ಮೊದಲ ದಿನ ನೂರು ಕಾಯಿ ಎಣಿಸಿ ಕೊಡುತ್ತಾನೆ, ದಿನದಿನವೂ ಇಪ್ಪತ್ತು ಹೆಚ್ಚಿಸುತ್ತಾನೆ. ಹತ್ತು ದಿನಕ್ಕೆ ವ್ಯಾಪಾರಿಯ ಗಾಡಿಗೆ ಎಷ್ಟು ಕಾಯಿ ಹೋದವು? ಉತ್ತರ 1900.

ಮೂರನೇ ಬೆಂಚಿನಲ್ಲಿ ತೆಂಗಿನ ತೋಟದವರ ಮನೆಯ ಒಬ್ಬ ಹುಡುಗಿ ಇದ್ದಳು. ಅವಳು ಸೂತ್ರವನ್ನೇ ಬರೆದಿರಲಿಲ್ಲ. ಮಾರ್ಜಿನ್ನಿನಲ್ಲಿ 380 ಅಂತ ಐದು ಸಲ ಬರೆದು, ಕೆಳಗೆ 1976 ಅಂತ ಬರೆದು ಸುತ್ತು ಹಾಕಿದ್ದಳು. ನಾನು ಕೆಂಪು ಪೆನ್ನಿನಲ್ಲಿ ಗೀಟು ಎಳೆದು ಸೊನ್ನೆ ಕೊಟ್ಟೆ. ಅವಳು ಪೇಪರ್ ಹಿಡಿದು ಮೇಜಿನ ಹತ್ತಿರ ಬಂದಳು.

"ಮಿಸ್, ಇದು ಸರಿ ಐತಲ್ಲ?"

"ಸಾವಿರದ ಒಂಬೈನೂರು ಕಣೇ ಉತ್ತರ. ಈ ಎಪ್ಪತ್ತಾರು ಎಲ್ಲಿಂದ ತಂದೆ?"

"ಮೇಲೆ ಹಾಕ್ಬೇಕಲ್ಲ ಮಿಸ್."

"ಹೌದಾ? ಯಾರು, ನಿಮ್ಮಪ್ಪ ಹೇಳಿದ್ರಾ?"

ಕ್ಲಾಸು ಗೊಳ್ಳೆಂದು ನಕ್ಕಿತು. ತೋಟದ ಮನೆಯ ಮಕ್ಕಳೂ ನಕ್ಕರು, ಟೀಚರ್ ತಮಾಷೆ ಮಾಡಿದರೆ ನಗಬೇಕಲ್ಲ. ಅವಳು ಹೋಗಿ ಕೂತಳು. ಆಮೇಲೆ ಯಾವತ್ತೂ ನನ್ನನ್ನು ಲೆಕ್ಕದ ಬಗ್ಗೆ ಕೇಳಲಿಲ್ಲ.

ಒಟ್ಟು ಅಂಕ ನೋಡಿ ಅವಳನ್ನು ಪ್ಯಾಕೇಜಿಗೆ ಸೇರಿಸಿದೆ. ಒಂದು ದಿನ ಮಾತ್ರ ಬಾಗಿಲಲ್ಲಿ ತಡೆದು ಕೇಳಿದಳು. "ಮಿಸ್, ನಾನು ಸೈನ್ಸ್ ತಗೋಬೇಕು. ಆ ಕಡೆ ಗುಂಪಲ್ಲಿ ಕೂತ್ಕೊಳ್ಳಾ?"

"ಮೊದ್ಲು ಪಾಸಾಗು ತಾಯಿ, ಸೈನ್ಸು ಆಮೇಲೆ ನೋಡೋಣ."

ಎರಡು ತಿಂಗಳು ಅವಳು ಸ್ಪರ್ಶಕ ಎಳೆದಳು. ಪಾಸಾದಳು, ಅಂಚಿನಲ್ಲಿ. ಆ ಅಂಕಕ್ಕೆ ಸೈನ್ಸ್ ಯಾರು ಕೊಡುತ್ತಾರೆ? ಗುಬ್ಬಿಯಲ್ಲೇ ಆರ್ಟ್ಸ್ ಸೇರಿದಳಂತೆ.

ಮರುವರ್ಷ ಕುಣಿಗಲ್ಲಿನಲ್ಲಿ ತಮ್ಮನ ಮನೆಯ ಗೃಹಪ್ರವೇಶ. ಕಾಯಿ ತರಲು ಯಡಿಯೂರಿನ ಹತ್ತಿರದ ಒಂದು ತೋಟಕ್ಕೆ ಹೋಗಿದ್ದೆ. ತೋಟದ ಯಜಮಾನರು ನೂರು ಎಣಿಸಿ ಮುಗಿಸಿ, ಚೀಲಕ್ಕೆ ಇನ್ನೂ ನಾಲ್ಕು ಕಾಯಿ ಎಸೆದರು. ನೂರಾಯಿತಲ್ಲ ಅಂದೆ.

"ನೂರಕ್ಕೆ ನಾಲ್ಕು ಮೇಲೆ ಹಾಕ್ಬೇಕು ಕಣವ್ವ. ನಮ್ಮಪ್ಪನ ಕಾಲದಿಂದ್ಲೂ ಹಂಗೇಯ. ಹಾಕ್ದಿದ್ರೆ ಎಣಿಸ್ದಂಗೇ ಅಲ್ಲ."

ಹತ್ತೊಂಬತ್ತು ನೂರು, ನೂರಕ್ಕೆ ನಾಲ್ಕು, ಅಲ್ಲಿಗೆ ಎಪ್ಪತ್ತಾರು. ಆ 380 ಕೂಡ ಆಗಲೇ ಹೊಳೆಯಿತು. ಮೊದಲ ದಿನಕ್ಕೆ ಕೊನೆಯ ದಿನ ಕೂಡಿಸಿದರೆ ಅಷ್ಟು, ಎರಡನೆಯದಕ್ಕೆ ಒಂಬತ್ತನೆಯದು ಕೂಡಿಸಿದರೂ ಅಷ್ಟೇ, ಅಂಥ ಐದು ಜೋಡಿ. ನಾನು ಬೋರ್ಡಿನ ಮೇಲೆ ಬರೆಸಿ ಬಾಯಿಪಾಠ ಮಾಡಿಸುವ ಸೂತ್ರದ ಹೊಟ್ಟೆಯಲ್ಲಿರುವುದೇ ಇದು. ಅದನ್ನು ಯಾರೂ ಹೇಳಿಕೊಡದೆ ಕಂಡುಕೊಂಡವಳು ನನ್ನ ಕ್ಲಾಸಿನಲ್ಲಿ ಅವಳೊಬ್ಬಳೇ, ಅವಳಿಗೆ ನಾನು ಕೈವಾರ ಕೊಟ್ಟು ಮೂಲೆಗೆ ಕೂರಿಸಿದ್ದೆ.

ಈಗ ಟೆಸ್ಟ್ ಆದ ಮೇಲೆ ಅಂಕ ಕೂಡುವುದು ಕೊನೆಗೆ. ಮೊದಲು ತಪ್ಪು ಉತ್ತರಗಳನ್ನು ಓದುತ್ತೇನೆ. ಯಾರು ಚಿಹ್ನೆಯಲ್ಲಿ ಎಡವಿದರು, ಯಾರಿಗೆ ಭಿನ್ನರಾಶಿಯೇ ಗೊತ್ತಿಲ್ಲ, ಯಾರಿಗೆ ಗೊತ್ತಿದ್ದೂ ಬರೆಯಲು ಬರುವುದಿಲ್ಲ, ಬೇರೆ ಬೇರೆ ಬರೆದುಕೊಂಡು ಅದರಂತೆ ಕೂರಿಸುತ್ತೇನೆ. ವಾರಕ್ಕೊಮ್ಮೆ ಗುಂಪು ಬದಲಾಗುತ್ತದೆ. "ಇದು ಹೆಂಗ್ ಬಂತು, ಹೇಳು ನೋಡೋಣ" ಅಂತ ಪ್ರತಿಯೊಬ್ಬರನ್ನೂ ಕೇಳುತ್ತೇನೆ. ಮಕ್ಕಳು ಸುಧಾರಿಸುತ್ತಾರೆ, ಸಂತೋಷವೂ ಆಗುತ್ತದೆ. ಆದರೆ ಯಾವುದಾದರೂ ಮಗು ಉತ್ಸಾಹದಿಂದ ವಿವರಿಸುವಾಗ ನನಗೆ ಅವಳು ಬೇಕೆನಿಸುತ್ತದೆ. ಆ ಮಧ್ಯಾಹ್ನ ವಾಪಸ್ ಬೇಕು, ಐದೇ ನಿಮಿಷ ಸಾಕು.

ಹೋದ ತಿಂಗಳು ಒಂದು ಶನಿವಾರ, ಶಾಲೆ ಮುಗಿಸಿ ತುಮಕೂರಿನ ಬಸ್ ಹತ್ತಿದ್ದೆ. "ಮಿಸ್, ಇಲ್ ಬನ್ನಿ" ಅಂತ ಯಾರೋ ಎದ್ದು ಸೀಟು ಕೊಟ್ಟರು. ಅವಳೇ. ಕೊರಳಲ್ಲಿ ಗುರುತಿನ ಚೀಟಿ. ತುಮಕೂರಿನ ಪಕ್ಕದ ಸತ್ಯಮಂಗಲದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್, ಸೆಕೆಂಡ್ ಶಿಫ್ಟ್ ಅಂದಳು. ದಾರಿಯುದ್ದಕ್ಕೂ ನಗುನಗುತ್ತಾ ಮಾತಾಡಿದಳು. ಬಸ್‌ಸ್ಟ್ಯಾಂಡ್ ಹತ್ತಿರ ಬಂದಾಗ ಧೈರ್ಯ ಮಾಡಿ ಹೇಳಿದೆ.

"ಆವತ್ತಿನ ಕಾಯಿ ಲೆಕ್ಕ, ನೀನು ಮಾಡಿದ್ದೇ ಸರಿ ಇತ್ತು ಕಣೇ. ತಪ್ಪು ನಂದು."

"ಯಾವ್ ಲೆಕ್ಕ ಮಿಸ್? ನಾನು ಮೊದ್ಲಿಂದ್ಲೂ ಮ್ಯಾಥ್ಸಲ್ಲಿ ದಡ್ಡಿ. ನೀವಾಗಿದ್ದಕ್ಕೆ ಪಾಸ್ ಮಾಡಿಸಿದ್ರಿ."

"ನೀನು ದಡ್ಡಿ ಅಲ್ಲ. ನನ್ನ ಕ್ಲಾಸಲ್ಲಿ ನಿನ್ನಷ್ಟು ಚುರುಕು ಯಾರೂ ಇರಲಿಲ್ಲ."

ಅವಳು ಪ್ರೀತಿಯಿಂದ ನನ್ನ ಕೈ ಅದುಮಿದಳು. "ಬುಡಿ ಮಿಸ್, ನನ್ ಸಮಾಧಾನಕ್ಕೆ ಹೇಳ್ತೀರ" ಅಂದು, ಸತ್ಯಮಂಗಲದ ಬಸ್ಸಿಗೆ ಓಡಿದಳು.