ಜೀಪಿನ ಕಮಾನಿಗೆ ಕುರಿಯ ಗುರುತು

ಔರಾದಿನಲ್ಲಿ ಇನ್ನೂ ನಸುಕು. ದವಾಖಾನೆಯ ಅಂಗಳದ ಬೇವಿನ ಮರದ ಕೆಳಗೆ ಹಳೆಯ ಜೀಪೊಂದು ನಿಂತಿದೆ. ಅದರ ಅಡಿಯಿಂದ ಎರಡು ಕಾಲುಗಳು ಮಾತ್ರ ಹೊರಗೆ ಕಾಣುತ್ತಿವೆ. ಡ್ರೈವರ್ ಧೊಂಡಿಬಾ ಅವರ ಕಾಲುಗಳು. ಪಕ್ಕದಲ್ಲಿ ಕಂದೀಲು ಉರಿಯುತ್ತಿದ್ದರೂ ಅವರು ಕಣ್ಣು ಮುಚ್ಚಿಕೊಂಡು, ಉಕ್ಕಿನ ಪಟ್ಟಿಗಳ ಅಂಚಿಗೆ ಬೆರಳು ಸವರುತ್ತಿದ್ದಾರೆ. ಕಣ್ಣಿನ ಮೇಲೆ ಅವರಿಗೆ ಭರವಸೆಯಿಲ್ಲ.

"ಚಹಾ ಆರ್ತದ, ಹೊರಗ ಬರ್ರಿ," ಎನ್ನುತ್ತಾರೆ ಹೆಂಡತಿ ಸತ್ಯಮ್ಮ.

"ರಾತ್ರಿ ಗಾಡಿ ಹತ್ರ ಯಾರರ ಬಂದಿದ್ರೇನು?" ಜೀಪಿನ ಅಡಿಯಿಂದ ದನಿ.

"ಬಂದಿತ್ತಲ್ಲ, ನಾಯಿ. ಗಾಲಿಗಿ ಏನು ಮಾಡಬೇಕೋ ಮಾಡಿ ಹೋಯ್ತು."

ಧೊಂಡಿಬಾ ಹೊರಗೆ ತೆವಳಿ ಬಂದು ಮೊದಲು ಗಾಲಿ ನೋಡುತ್ತಾರೆ, ಆಮೇಲೆ ಚಹಾದ ಕಡೆಗೆ ತಿರುಗುತ್ತಾರೆ. ಪೆಟ್ರೋಲಿನಲ್ಲಿ ಕಡ್ಡಿ ಅದ್ದಿ ಮೂಸುತ್ತಾರೆ, ಯಾರಾದರೂ ಸೀಮೆಎಣ್ಣೆ ಬೆರೆಸಿರಬಹುದೆಂದು. ನಿನ್ನೆ ತಾವೇ ಗಾಳಿ ತುಂಬಿದ ಟೈರನ್ನು ಇಂದು ಒದ್ದು ನೋಡುತ್ತಾರೆ. ಊರವರು ಅವರನ್ನು 'ಶಕ್ಕಿ ಧೊಂಡಿಬಾ', ಅಂದರೆ ಅನುಮಾನದ ಧೊಂಡಿಬಾ, ಎನ್ನುತ್ತಾರೆ, ಎದುರಿಗೇ. ಅವರಿಗೆ ಬೇಸರವಿಲ್ಲ. "ಕುರಿ ಕಾಯೋರ ಮನಿಯಾಗ ಹುಟ್ಟೀನ್ರಿ. ನಮ್ಮಲ್ಲಿ ಹಂಗೇ ನಂಬಿದ್ರ ತ್ವಾಳಕ್ಕ ಊಟ."

ಊರು ಖಟಕ ಚಿಂಚೋಳಿಯ ಕಡೆ. ಅಪ್ಪ ಕುರಿ ಕಾಯುತ್ತಿದ್ದರು. ಸಂಜೆ ಹಟ್ಟಿಗೆ ಬಂದ ಕುರಿಗಳ ಕಿವಿಯನ್ನು ಕತ್ತಲಲ್ಲಿ ಮುಟ್ಟಿ, ಅಂಚಿನ ಕಚ್ಚಿನಿಂದಲೇ ನಮ್ಮದು ಯಾವುದು, ಪರರದು ಯಾವುದು ಎಂದು ಹೇಳುವುದನ್ನು ಮಗನಿಗೂ ಕಲಿಸಿದರು. ಮಗ ಮುಂದೆ ಮಿಲಿಟರಿ ಲಾರಿಗಳನ್ನು ತೊಳೆಯಲು ಹೋಗಿ ಓಡಿಸಲು ಕಲಿತ. ಹೈದರಾಬಾದ್ ಸರಕಾರದ ಆರೋಗ್ಯ ಇಲಾಖೆಯಲ್ಲಿ ನೌಕರಿ ಸಿಕ್ಕಿತು, ಜೊತೆಗೆ ಈ ಜೀಪೂ ಸಿಕ್ಕಿತು. ಯುದ್ಧದ ಕಾಲದ ಗಾಡಿ. ಸೈನ್ಯ ಬಿಟ್ಟದ್ದನ್ನು ಹೈದರಾಬಾದ್ ಇಟ್ಟುಕೊಂಡಿತು, ಈಗ ಮೈಸೂರು ರಾಜ್ಯಕ್ಕೆ ಬಂದಿದೆ. ಬಾಗಿಲ ಮೇಲಿನ ಉರ್ದು ಅಕ್ಷರಗಳನ್ನು ಅಳಿಸಿ ಕನ್ನಡದಲ್ಲಿ ಬರೆದಿದ್ದಾರೆ. ಬಿಸಿಲು ಓರೆಯಾಗಿ ಬಿದ್ದಾಗ ಹಳೆಯ ಅಕ್ಷರಗಳೂ ಕಾಣುತ್ತವೆ.

ಈ ಜೀಪಿನಲ್ಲಿ ಸೂಲಗಿತ್ತಿ ನರ್ಸ್ ಹಮೀದುನ್ನಿಸಾ ಔರಾದ್ ಮತ್ತು ಭಾಲ್ಕಿಯ ಕಡೆಯ ಹಳ್ಳಿಗಳಿಗೆ ಹೋಗುತ್ತಾರೆ. ಹೆರಿಗೆ ಕಷ್ಟವಾದವರನ್ನು ಹಿಂದೆ ಮಲಗಿಸಿಕೊಂಡು ಮಾಂಜ್ರಾ ನದಿ ದಾಟಿಸಿ ಬೀದರಿಗೆ ತರುತ್ತಾರೆ. ಹಿಂದಿನ ಹಲಗೆಯ ಮೇಲೆ ಸತ್ಯಮ್ಮ ಹೊಲಿದ ದಪ್ಪ ಕೌದಿಯಿದೆ. ಪ್ರತಿ ಸಲವೂ ಅದನ್ನು ಒಗೆದು ಒಣಹಾಕುವವರು ಧೊಂಡಿಬಾ. ಕೇಳಿದರೆ, "ಸರಕಾರದ್ದು," ಎಂದು ಸುಳ್ಳು ಹೇಳುತ್ತಾರೆ.

ಹೋದ ಮಳೆಗಾಲದಲ್ಲಿ ಈ ಜೀಪು ಮೋಸ ಮಾಡಿತು. ಚಕ್ರಗಳ ಮೇಲೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿರುತ್ತಾರೆ. ಬಿಲ್ಲಿನಂತೆ ಬಾಗಿ ಗಾಡಿಯ ಭಾರ ಹೊರುವ ಈ ಕಟ್ಟಿಗೆ ಬೀದರ ಕಡೆ 'ಕಮಾನು' ಎನ್ನುತ್ತಾರೆ. ವರ್ಷಗಳ ಭಾರಕ್ಕೆ ಆ ಬಿಲ್ಲು ನೇರವಾಗಿ ಹಲಗೆಯಂತಾಗಿತ್ತು. ಜೀಪಿನ ಹೊಟ್ಟೆ ಎತ್ತಿನ ಗಾಡಿಯ ಜಾಡಿನ ನಡುವಣ ದಿಬ್ಬಕ್ಕೆ ತಾಗಿ, ಎರೆಮಣ್ಣಿನಲ್ಲಿ ಕೂತೇಬಿಟ್ಟಿತು. ಹಿಂದೆ ಸಾಯಗಾಂವದ ಚಂದ್ರಭಾಗಾ ಬೇನೆ ತಿನ್ನುತ್ತ ಮಲಗಿದ್ದರು. ಮಗು ಅಲ್ಲೇ, ಕೊಡೆಯ ಅಡಿಯಲ್ಲಿ ಹುಟ್ಟಿತು. ತಾಯಿ ಮಗು ಇಬ್ಬರೂ ಉಳಿದರು. ಆದರೆ ಚಂದ್ರಭಾಗಾ ಆಡಿದ ಒಂದು ಮಾತು ಧೊಂಡಿಬಾ ಅವರ ಕಿವಿಯಲ್ಲೇ ಉಳಿದುಬಿಟ್ಟಿತು: "ಅಣ್ಣಾ, ಬ್ಯಾನಿಗಿಂತ ನಿನ್ನ ಗಾಡಿನೇ ಹೆಚ್ಚು ಕಾಡ್ತು ನೋಡು."

ಈ ಬೇಸಿಗೆಯಲ್ಲಿ ಹಳೆಯ ಗಾಡಿಗಳನ್ನು ನೋಡಲು ಮೈಸೂರಿನ ಕಡೆಯ ಹೊಸ ಸಾಹೇಬರೊಬ್ಬರು ಬಂದರು. ಧೊಂಡಿಬಾ ಕೈ ಕಟ್ಟಿ ನಿಂತು ಹೇಳಿದರು: "ಸಾಹೇಬ್ರ, ಕಮಾನು ಏಳಿಸಬೇಕ್ರಿ. ಹೊಟ್ಟಿ ತಾಕ್ಲಿಕತ್ತದ."

ಸಾಹೇಬರು ತಿರುಗಿ ದವಾಖಾನೆಯ ಹೆಬ್ಬಾಗಿಲ ಕಲ್ಲಿನ ಕಮಾನನ್ನು ನೋಡಿದರು. ಜೀಪನ್ನು ನೋಡಿದರು. "ಅದು ಹಳೇ ಕಾಲದ ಕಟ್ಟಡ ಕಣಪ್ಪಾ, ಅದನ್ನ ಯಾಕೆ ಮುಟ್ಟಬೇಕು? ಜೀಪು ಸಲೀಸಾಗಿ ಒಳಗೆ ಬಂದಿದೆಯಲ್ಲ? ಅಲ್ಲದೆ, ಕಮಾನಿಗೆ ತಾಗೋದಾದರೆ ತಲೆ ತಾಗಬೇಕು, ಹೊಟ್ಟೆ ಹೇಗೆ ತಾಗುತ್ತೆ?"

ಕಟ್ಟಡ ರಿಪೇರಿಯ ನೆಪದಲ್ಲಿ ಇವನೇನೋ ಆಟ ಹೂಡಿದ್ದಾನೆಂದು ಸಾಹೇಬರ ಅನುಮಾನ. ಬೇಕಂತಲೇ ತನ್ನನ್ನು ಆಡಿಕೊಳ್ಳುತ್ತಿದ್ದಾರೆಂದು ಧೊಂಡಿಬಾ ಅವರ ಅನುಮಾನ. ಇಬ್ಬರೂ ಒಬ್ಬರನ್ನೊಬ್ಬರು ದಿಟ್ಟಿಸುತ್ತ ನಿಂತರು. ಹಮೀದುನ್ನಿಸಾ ಸೆರಗಿನಲ್ಲಿ ನಗು ಮುಚ್ಚಿಕೊಂಡು, "ಸ್ಪ್ರಿಂಗ್ ರೀ ಸಾಹೇಬ್, ಇವನು ಅನ್ನೋದು ಗಾಡಿ ಸ್ಪ್ರಿಂಗ್," ಎಂದ ಮೇಲೆ ಸಾಹೇಬರೂ ಮನಸಾರೆ ನಕ್ಕರು. ಆದರೆ ಹೋಗುವಾಗ ಕಡ್ಡಿ ಮುರಿದಂತೆ ಹೇಳಿದರು: "ಎತ್ತಿಸು. ಈ ಮಳೆಗಾಲದಲ್ಲಿ ಇನ್ನೊಂದು ಸಲ ಕೂತರೆ ಹರಾಜಿಗೆ ಹೋಗುತ್ತೆ. ಬದಲಿ ಗಾಡಿ ಯಾವಾಗ ಬರುತ್ತೋ ನಾನು ಹೇಳಲಾರೆ."

ಜೀಪು ಹೋದರೆ ಬಸವಳಿದ ಬಸುರಿಯರಿಗೆ ಮತ್ತೆ ಎತ್ತಿನ ಗಾಡಿಯೇ ಗತಿ. ಹಾಗಾಗಿ ಅದನ್ನು ಎತ್ತರಿಸುವ ದಾರಿ ಹುಡುಕಿಕೊಂಡು ಧೊಂಡಿಬಾ ಹೊರಟರು.

ಮೊದಲು ಭಾಲ್ಕಿಯ ಮಿಸ್ತ್ರಿ ಪಂಢರಿ. "ಕಮಾನಿಗೂ ಆಕ್ಸಲ್ಲಿಗೂ ನಡುವ ಸಾಗವಾನಿ ತುಂಡು ಇಡ್ತೇನಿ. ಸಂಜಿಯೊಳಗ ನಿನ್ನ ಗಾಡಿ ಆನಿ ಮಾಡಿ ಕೊಡ್ತೇನಿ."

"ನದಿ ದಂಡಿ ಇಳಿಜಾರಿನಾಗ ಆನಿ ಬಿದ್ರ ಎಬ್ಬಸೋರ್ಯಾರು?"

"ಬ್ಯಾಡಂದ್ರ ಒಂದು ದಪ್ಪನ ಪಟ್ಟಿ ಹೆಚ್ಚಿಗಿ ಸೇರಸ್ತೇನಿ, ತಗೋ."

ಇದು ಆಗಬಹುದು ಅನಿಸಿತು. ಪಟ್ಟಿ ಸೇರಿತು, ಗಾಡಿ ಎದ್ದು ನಿಂತಿತು. ಆದರೂ ಧೊಂಡಿಬಾ ಪಂಢರಿಯನ್ನು ಸ್ಟೇರಿಂಗಿಗೆ ಕೂರಿಸಿ, ತಾವು ಹಿಂದೆ ಕೌದಿಯ ಮೇಲೆ ಅಂಗಾತ ಮಲಗಿದರು. "ಕಲ್ಲಿನ ದಾರಿ ಹಿಡಿ," ಎಂದರು. ಹೋಗಿ ಬರುವಷ್ಟರಲ್ಲಿ ಸೊಂಟ ಹಿಡಿದುಕೊಂಡೇ ಇಳಿಯಬೇಕಾಯಿತು. ಎತ್ತರವೇನೋ ಬಂದಿತ್ತು, ಬಿಗಿಯೂ ಜೊತೆಗೇ ಬಂದಿತ್ತು.

"ತಗಿ ಮಾರಾಯಾ. ಹೊಟ್ಯಾಗ ಕೂಸಿಲ್ದ ನನಗೇ ಹಿಂಗ, ಬಸುರಿಗಿ ಹ್ಯಾಂಗ?"

ಉಳಿದದ್ದು ಒಂದೇ ದಾರಿ: ಹಳೆಯ ಪಟ್ಟಿಗಳನ್ನೇ ಬೆಂಕಿಗೆ ಹಾಕಿ, ಬಡಿದು, ಮತ್ತೆ ಬಿಲ್ಲಿನ ಬಾಗು ತರುವುದು. ಎತ್ತರ ಸ್ವಲ್ಪ ಕಡಿಮೆಯಾದರೂ ಮೆತ್ತಗಿರುತ್ತದೆ. ಅದನ್ನು ಬಲ್ಲವರು ಬೀದರಿನ ಹಳೆಯ ಪೇಟೆಯ ಕರೀಮ ಸಾಬರು. ಆದರೆ ಪಟ್ಟಿಗಳನ್ನು ಬಿಚ್ಚಿ ಅವರ ಕೈಗೆ ಕೊಡಬೇಕು, ದಿನಗಟ್ಟಲೆ ಬಿಟ್ಟಿರಬೇಕು. ಎಲ್ಲಕ್ಕಿಂತ ಒಳ್ಳೆಯ ಈ ದಾರಿಗೆ ನಂಬಿಕೆಯೂ ಎಲ್ಲಕ್ಕಿಂತ ಹೆಚ್ಚು ಬೇಕಿತ್ತು. ಧೊಂಡಿಬಾ ಅವರ ಹತ್ತಿರ ಇಲ್ಲದ್ದು ಅದೊಂದೇ.

ಸಾಲದ್ದಕ್ಕೆ ಪೇಟೆಯ ಮಾತು ಬೇರೆ. ಮಿಲಿಟರಿ ಕಮಾನಿನ ಉಕ್ಕಿನಿಂದ ಮಾಡಿದ ಕುಡಗೋಲಿಗೆ ಎಲ್ಲಿಲ್ಲದ ಬೇಡಿಕೆ. ಕಮಾನು ಮಾಡುವವರು ಒಳ್ಳೆಯ ಪಟ್ಟಿ ಇಟ್ಟುಕೊಂಡು ಹಗುರದ್ದನ್ನು ಹಾಕಿ ಕಳಿಸುತ್ತಾರಂತೆ. ಧೊಂಡಿಬಾ ಉಪಾಯ ಮಾಡಿದರು. ಔರಾದ್ ಬಿಡುವ ಮೊದಲೇ, ಕುರಿಯ ಕಿವಿಗೆ ಹಾಕುವಂತೆ, ಪ್ರತಿ ಪಟ್ಟಿಯ ಅಂಚಿಗೂ ಉಳಿಯಿಂದ ಸಣ್ಣ ಕಚ್ಚು ಹಾಕಿಬಿಟ್ಟರು. ಯಾರಿಗೂ ಹೇಳಲಿಲ್ಲ, ಸತ್ಯಮ್ಮನಿಗೂ.

ಕರೀಮ ಸಾಬರ ಅಂಗಳದಲ್ಲಿ ಜೀಪು ಕಲ್ಲುಗಳ ಮೇಲೆ ಕೂತಿತು, ಧೊಂಡಿಬಾ ಕಟ್ಟೆಯ ಮೇಲೆ ಕೂತರು. ಕರೀಮ ಸಾಬರು ಹಾಡುಹಗಲಲ್ಲೇ ಕುಲುಮೆಯ ಬಾಗಿಲು ಮುಚ್ಚಿ, ಕಿಟಕಿಗೆ ಗೋಣಿ ಎಳೆದರು.

"ಬಾಗಲಾ ಯಾಕ ಮುಚ್ತಿ ಚಾಚಾ?"

"ಬಿಸಿಲಿನಾಗ ಕಾದ ಕಬ್ಬಣದ ಬಣ್ಣ ಸುಳ್ಳು ಹೇಳ್ತದ ಬೇಟಾ. ಕತ್ತಲದಾಗ ಖರೇ ಹೇಳ್ತದ."

"ಕತ್ತಲದಾಗ ಖರೇ ಹೇಳೋ ಧಂಧಾ ನಾ ಎಲ್ಲೂ ಕಂಡಿಲ್ಲ."

ಒಳಗಿನಿಂದ ನಗು ಕೇಳಿತು, ಆಮೇಲೆ ಸುತ್ತಿಗೆಯ ಸದ್ದು. ಮಧ್ಯಾಹ್ನ ಸಾಬರ ಮನೆಯಿಂದ ರೊಟ್ಟಿ, ಬದನೆಕಾಯಿ ಪಲ್ಯ ಬಂತು. ಧೊಂಡಿಬಾ ಮುಟ್ಟಲಿಲ್ಲ. ಇವರ ಉಪ್ಪು ತಿಂದರೆ ನಾಳೆ ಜಗಳ ಮಾಡಲು ಬಾಯಿ ಬರುವುದಿಲ್ಲವಲ್ಲ! ಚುರುಮುರಿ ತಿಂದುಕೊಂಡು ಕಟ್ಟೆ ಕಾದರು. ಸಾಬರೂ ಒತ್ತಾಯ ಮಾಡಲಿಲ್ಲ. ಆದರೆ ಕೆಲಸ ನಡೆದ ಅಷ್ಟೂ ದಿನ ಊಟದ ಹೊತ್ತಿಗೆ ತಟ್ಟೆ ಬರುವುದು ತಪ್ಪಲಿಲ್ಲ.

ಕಮಾನು ಸಿದ್ಧವಾಯಿತು. ಸಾಬರು ಬಾಗಿಲು ತೆರೆದು ಕರೆದರು. ಧೊಂಡಿಬಾ ಕಣ್ಣು ಮುಚ್ಚಿ ಮೊದಲನೆಯ ಪಟ್ಟಿಯ ಅಂಚು ಸವರಿದರು. ಕಚ್ಚು ಇಲ್ಲ. ಎರಡನೆಯದು, ಇಲ್ಲ. ಮೂರನೆಯದಕ್ಕೆ ಕಣ್ಣು ತೆರೆದರೆ, ಅದರ ಬಣ್ಣವೇ ಬೇರೆ. ಯಾವ ಪಟ್ಟಿಯಲ್ಲೂ ಗುರುತು ಇರಲಿಲ್ಲ.

"ಚಾಚಾ, ನನ್ನ ಕುರಿ ಎಲ್ಲಿ?" ಎಂದು ಕೂಗಿಬಿಟ್ಟರು. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಆ ಮಾತು. ಬೀದಿಯಲ್ಲಿ ಹೋಗುವವರು ನಿಂತರು.

ಕರೀಮ ಸಾಬರು ದನಿ ಏರಿಸಲಿಲ್ಲ. ಒಳಗೆ ಹೋಗಿ, ಮುರಿದ ಪಟ್ಟಿಯ ಅರ್ಧ ತುಂಡನ್ನು ತಂದು ಅವರ ಅಂಗೈಯಲ್ಲಿಟ್ಟರು. ಮುರಿದ ಬಾಯಿಯ ತುದಿಯಲ್ಲಿ ಧೊಂಡಿಬಾ ಹಾಕಿದ ಕಚ್ಚು ಇತ್ತು. ಬಿರುಕು ಅಲ್ಲಿಂದಲೇ ಹೊರಟಿತ್ತು.

"ಕುರಿ ಕಿವಿ ಹರದ್ರ ಕುರಿ ಸಾಯೂದಿಲ್ಲ. ಕಮಾನಿಗಿ ಕಚ್ಚು ಬಿದ್ರ ಅಲ್ಲಿಂದನೇ ಸೀಳ್ತದ. ಇದು ಭಟ್ಟಿ ಮ್ಯಾಲೇ ಮುರೀತು. ಉಳದವು ನದಿಯಾಗ ಮುರೀಬಾರದಂತ ಎಲ್ಲಾ ಕಚ್ಚೂ ಅರ ಹಾಕಿ ತಿಕ್ಕೀನಿ. ಮುರದಿದ್ದಕ್ಕ ನನ್ನ ಹತ್ರ ಇದ್ದ ಮಿಲಿಟರಿ ಪಟ್ಟಿ ಹಾಕೀನಿ." ನಿಂತವರ ಕಡೆ ನೋಡಿ, "ಹೋಗ್ರಿ ಹೋಗ್ರಿ, ಇದು ನಮ್ಮ ಮನಿ ಮಾತು," ಎಂದು ಕಳಿಸಿದರು.

ಧೊಂಡಿಬಾ ಆ ಕಚ್ಚಿಗೆ ಬೆರಳು ಸವರಿದರು. ಸಾಬರು ಗೋಡೆಗೆ ನೇತುಹಾಕಿದ್ದ ಹೊಸ ಕುಡಗೋಲನ್ನು ಇಳಿಸಿದರು. ಮುರಿದ ಪಟ್ಟಿಯ ಇನ್ನರ್ಧ ಅದು. "ನಿನ್ನ ಶಕ್ಕಿಗಿ ಹಿಡಿಕಿ ಹಾಕಿ ಇಟ್ಟೀನಿ, ತಗೋ. ಮನಿಯಾಕಿಗಿ ಕೊಡು, ಜ್ವಾಳಾ ಕೊಯ್ಲಿಕ್ಕಿ ಆಯ್ತದ."

ಆ ಮಧ್ಯಾಹ್ನ ಧೊಂಡಿಬಾ ಸಾಬರ ಮನೆಯ ರೊಟ್ಟಿ ಮುರಿದರು. ಪಲ್ಯಕ್ಕೆ ಉಪ್ಪು ತುಸು ಹೆಚ್ಚಾಗಿತ್ತು ಎಂದು ಈಗಲೂ ಹೇಳುತ್ತಾರೆ. "ಬೇಕಂತಲೇ ಹಾಕ್ಸಿದ್ದ ರೀ ಮುದಕಾ."

ಈಗ ಮಳೆ ಹಿಡಿದಿದೆ. ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬೀದರಿಗೆ ಇದು ಮೊದಲ ಮಳೆಗಾಲ. ಹೋದ ವರ್ಷ ಜೀಪು ಕೂತ ಜಾಡಿನಲ್ಲೇ ಹೋದ ವಾರ ಮತ್ತೆ ಹೋಗಬೇಕಾಯಿತು. ದಿಬ್ಬ ಸಿಕ್ಕಾಗ ಹಮೀದುನ್ನಿಸಾ ದುವಾ ಓದಿದರು, ಧೊಂಡಿಬಾ ಕೆಳಗಿನ ಸದ್ದಿಗೆ ಕಿವಿಗೊಟ್ಟರು. ಹೊಟ್ಟೆಗೆ ಹುಲ್ಲು ಸವರಿದ ಸದ್ದಷ್ಟೇ ಕೇಳಿತು. ಗಾಡಿ ದಾಟಿತು. ದಾಟಿದ ಮೇಲೆ ಅವರು ಇಳಿದು, ಮಳೆಯಲ್ಲೇ ಬಗ್ಗಿ ನೋಡಿ, ಆಮೇಲೆ ಮುಂದೆ ಹೋದರು.

ಕಚ್ಚು ಬಿದ್ದ ಆ ಅರ್ಧ ತುಂಡು ಈಗ ಡ್ರೈವರ್ ಸೀಟಿನ ಕೆಳಗಿದೆ. ಬೆಳಿಗ್ಗೆ ಪಟ್ಟಿಗಳನ್ನು ಸವರುವುದೂ ನಿಂತಿಲ್ಲ. ಆದರೆ ಈಗ ಹುಡುಕುವುದು ಬಿರುಕನ್ನು, ಕಳ್ಳತನವನ್ನಲ್ಲ. ಹೊಸ ಜೀಪು ಬೇಕೇ ಎಂದರೆ ತಲೆ ಅಲ್ಲಾಡಿಸುತ್ತಾರೆ. ಬೇರೇನಾದರೂ ಆಸೆ? ಕೌದಿ ಕೊಡವಿ ಹಲಗೆಯ ಮೇಲೆ ಹಾಸುತ್ತಾರೆ.

"ಒಂದದ ರೀ. ಹಿಂದ ಮಲಗಿದಾಕಿ ಬೀದರ ಮುಟ್ಟಿದ ಮ್ಯಾಲ ಎಚ್ಚರಾಗಿ, 'ಇನ್ನಾ ಊರು ಬಿಟ್ಟಿಲ್ಲೇನು ಗಾಡಿ?' ಅಂತ ಕೇಳಬೇಕ್ರಿ. ಒಬ್ಬಾಕಿ ಕೇಳಿದ್ರ ಸಾಕು."

ಔಷಧದ ಪೆಟ್ಟಿಗೆ ಏರಿಸುತ್ತಿದ್ದ ಹಮೀದುನ್ನಿಸಾ ತಡೆಯಲಾರದೆ ಹೇಳುತ್ತಾರೆ: "ಕೇಳಿದ್ರೂ ನೀ ಎಲ್ಲಿ ನಂಬ್ತಿ?"

"ನಂಬ್ತೇನ್ರಿ ಆಪಾ, ಖರೇನೇ ನಂಬ್ತೇನಿ," ಎಂದು ಧೊಂಡಿಬಾ ಕಂದೀಲು ಆರಿಸುತ್ತಾರೆ. "ಆಮ್ಯಾಲ ಇಳದು, ಕೆಳಗ ಒಮ್ಮಿ ನೋಡ್ತೇನಿ."