ಮಗಳು ಕೂರಿಸಿದ ಹಳೇ ಕಾರಿನ ಬ್ಯಾಟರಿ

ಲೈನ್‌ಮನ್ ಆಗಿ ಮೂವತ್ತು ವರ್ಷ ಹೊಸಕೋಟೆ ಸುತ್ತಿನ ಹಳ್ಳಿಗಳ ಕಂಬ ಹತ್ತಿದವನು ನಾನು. ರಿಟೈರ್ ಆದ ಮೇಲೆ ಸಮೇತನಹಳ್ಳಿಯ ಮನೆಯಲ್ಲೇ ಇದ್ದೇನೆ. ಐಟಿಐ ಓದಿದ ಮಗಳಿಗೆ ಹೊಸಕೋಟೆಯ ಒಂದು ಶೆಡ್ಡಿನಲ್ಲಿ ಕೆಲಸ: ಎಲೆಕ್ಟ್ರಿಕ್ ಕಾರುಗಳಿಂದ ಬಿಚ್ಚಿದ ಬ್ಯಾಟರಿಗಳನ್ನು ಪರೀಕ್ಷಿಸುವುದು. ಹೋದ ಬೇಸಿಗೆಯಲ್ಲಿ ಅಂಥದ್ದೊಂದನ್ನು ಮನೆಗೇ ತಂದಳು. ಚಾವಣಿಯ ಸೋಲಾರ್‌ಗೆ ಜೋಡಿಸುತ್ತೇನೆ ಎಂದಳು.

"ಕಾರಿಗೇ ಬೇಡವಾದದ್ದು ನಮಗ್ಯಾಕಮ್ಮ?" ಎಂದೆ.

"ಕಾರು ಓಡ್ಸಕ್ಕೆ ಸಾಲ್ದು ಅಷ್ಟೆ ಅಪ್ಪ. ಒಂದೊಂದು ಸೆಲ್ಲೂ ನಾನೇ ನೋಡಿದೀನಿ. ಲೈಟು, ಫ್ಯಾನು, ಮಿಕ್ಸಿಗೆ ಇನ್ನೂ ಎಷ್ಟೋ ವರ್ಷ ಬರುತ್ತೆ."

ನನ್ನ ಚಿಂತೆ ಬೇರೆಯೇ ಇತ್ತು. ಒಮ್ಮೆ ಲೈನ್ ಆಫ್ ಮಾಡಿಸಿ ಕಂಬ ಹತ್ತಿದ್ದಾಗ, ಯಾರದೋ ಮನೆಯ ಜನರೇಟರಿನ ಕರೆಂಟು ತಿರುಗಿ ತಂತಿಗೆ ಬಂದು ನನ್ನನ್ನು ಹೊಡೆದಿತ್ತು. ಸೊಂಟದ ಬೆಲ್ಟನ್ನು ಕಂಬಕ್ಕೆ ಬಿಗಿದಿದ್ದರಿಂದ ಬದುಕಿದೆ. ಎಡಗೈಯ ಎರಡು ಬೆರಳು ಈಗಲೂ ಸರಿಯಾಗಿ ಮಡಚುವುದಿಲ್ಲ.

"ಊರಲ್ಲಿ ಕರೆಂಟು ಹೋದಾಗ ಇದರದ್ದು ಕಂಬಕ್ಕೆ ಹೋದ್ರೆ?" ಎಂದು ಕೇಳಿದೆ.

ಕೆಲಸ ಮುಗಿದ ದಿನ ಅವಳು ನನ್ನ ಟೆಸ್ಟರನ್ನು ನನ್ನ ಕೈಗೇ ಕೊಟ್ಟು, ಮೀಟರಿನ ಪಕ್ಕದ ಫ್ಯೂಸು ಕಿತ್ತಳು. ಒಳಗೆ ಫ್ಯಾನು ತಿರುಗುತ್ತಲೇ ಇತ್ತು. "ಈಗ ನೋಡಪ್ಪ" ಎಂದಳು. ಮನೆಯಿಂದ ಫ್ಯೂಸಿಗೆ ಬರುವ ತುದಿಗೆ ಟೆಸ್ಟರ್ ಇಟ್ಟೆ. ಅದರ ದೀಪ ಉರಿಯಲಿಲ್ಲ. ಹೊರಗಿನ ಕರೆಂಟು ಹೋದ ಕೂಡಲೇ ಮನೆ ಲೈನಿನಿಂದ ಬೇರೆಯಾಗುವಂತೆ ಅವಳು ಸ್ವಿಚ್ಚು ಕೂರಿಸಿದ್ದಳು. ಆದರೂ ನಾನು ಮೂರು ಸಲ ಇಟ್ಟು ನೋಡಿದೆ. ಅವಳು ನಗುತ್ತಾ ನಿಂತಿದ್ದಳು.

ಮಳೆಗಾಲದಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟು ಎರಡು ದಿನ ಊರಿಗೆ ಕರೆಂಟಿರಲಿಲ್ಲ. ಪಕ್ಕದ ಮನೆಯವರು ದೋಸೆಗೆ ನೆನೆಸಿದ್ದ ಅಕ್ಕಿ ಉದ್ದನ್ನು ರುಬ್ಬಲು ನಮ್ಮಲ್ಲಿಗೇ ತಂದರು. ಮೂರನೆಯ ದಿನ ಬೆಳಿಗ್ಗೆ ಹೊಸ ಲೈನ್‌ಮನ್ ನಮ್ಮ ಮನೆ ಮುಂದಿನ ಕಂಬ ಹತ್ತಲು ಬಂದವನು ಅನುಮಾನದಿಂದ ನಿಂತ.

"ಸಾರ್, ನಿಮ್ಮನೇಲಿ ಲೈಟು ಉರೀತಿದೆ. ತಂತಿ ಮುಟ್ಟಬಹುದಾ?"

"ಟೆಸ್ಟ್ ಮಾಡ್ಕೊಂಡೇ ಮುಟ್ಟಪ್ಪ, ಯಾವತ್ತಿದ್ರೂ. ಆದ್ರೆ ನಮ್ಮನೆಯಿಂದ ಏನೂ ಬರಲ್ಲ. ನನ್ನ ಮಗಳು ಕೂರಿಸಿರೋದು" ಎಂದೆ. ನನ್ನ ದನಿ ನನಗೇ ಸ್ವಲ್ಪ ಜೋರಾಗಿ ಕೇಳಿಸಿತು.

ಕೆಲಸ ಮುಗಿಸಿ ಇಳಿದವನು ಮಜ್ಜಿಗೆ ಕುಡಿದು, ಬ್ಯಾಟರಿ ನೋಡಬೇಕೆಂದ. ವಿವರಿಸಲು ಹೊರಟು ಅರ್ಧದಲ್ಲೇ ತಡವರಿಸಿದೆ. ಕೊನೆಗೆ ಶೆಡ್ಡಿನಲ್ಲಿದ್ದ ಮಗಳಿಗೆ ಫೋನ್ ಮಾಡಿ ಅವನ ಕೈಗೆ ಕೊಟ್ಟೆ. ಅವನು ತುಂಬಾ ಹೊತ್ತು "ಹೂಂ ಮೇಡಂ, ಸರಿ ಮೇಡಂ" ಎನ್ನುತ್ತಲೇ ಇದ್ದ. ನಾನು ಪಕ್ಕದಲ್ಲೇ ಕುಳಿತು ಕೇಳುತ್ತಿದ್ದೆ.